ಎಚ್‌ಎಂಟಿ ಮಾವ

ಬಾಶೆಟ್ಟಿಹಳ್ಳಿಯಿಂದ ದಾಬಸ್‌ಪೇಟೆವರೆಗೆ ಯಾವ ವರ್ಕ್‌ಶಾಪಿನವನೇ ಹಳೇ ಮಿಲ್ಲಿಂಗ್ ಮಷಿನ್ ಕೊಳ್ಳಲಿ, ಬೈಕಿನ ಹಿಂದೆ ಒಬ್ಬ ಎಚ್‌ಎಂಟಿ ಮಾವನನ್ನು ಕೂರಿಸಿಕೊಂಡೇ ಹೋಗಬೇಕು. ಊರಿಗೊಬ್ಬರು ಇದ್ದೇ ಇರುತ್ತಾರೆ. ವಿಆರ್‌ಎಸ್ ತಗೊಂಡು ಯಾವ ಕಾಲವೋ ಆಯಿತು, ಜೇಬಿನ ಆರಿಂಚಿನ ಸ್ಟೀಲ್ ಸ್ಕೇಲ್ ಮಾತ್ರ ಇಳಿದಿಲ್ಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಕಾರ್ಖಾನೆ ಎದ್ದ ಕತೆಯನ್ನು ಪಾಯ ತೋಡಿದವರ ಗತ್ತಿನಲ್ಲೇ ಹೇಳುತ್ತಾರೆ. ಆಗ ಮಾವ ಹುಟ್ಟಿರಲೂ ಇಲ್ಲ. 1961ರಲ್ಲಿ ಶುರುವಾದ ಬಿಎಫ್‌ಡಬ್ಲ್ಯುನವರ ಮಷಿನ್ ಕಂಡರೆ, "ಅದೂ ಮಷಿನ್ನೇ" ಅನ್ನುವಷ್ಟು ಉದಾರಿ.

ಮೊನ್ನೆ ಗುಜರಿಯಲ್ಲಿ ಕಂಡದ್ದು ಎಚ್‌ಎಂಟಿಯದೇ ಎಫ್‌ಎನ್2ಎಚ್, ಅಡ್ಡ ಸ್ಪಿಂಡಲ್‌ನದು. ಮೈತುಂಬ ಹೊಸ ಹಸಿರು ಎನಾಮೆಲ್. ಮಾವನ ಹುಬ್ಬು ಅಲ್ಲೇ ಗಂಟಿಕ್ಕಿತು. ಟೇಬಲ್ ಹ್ಯಾಂಡಲ್ ತಿರುಗಿಸಿದರು. ಕಾಲು ಸುತ್ತು ಹೋದರೂ ಟೇಬಲ್ ಮಿಸುಕಲಿಲ್ಲ.

"ಸ್ಕ್ರೂಗೂ ನಟ್ಟಿಗೂ ಮಾತು ಬಿಟ್ಟಿದೆ ಕಣೋ."

ಗೇರ್‌ಬಾಕ್ಸಿನ ಆಯಿಲ್‌ಗೆ ಬೆರಳದ್ದಿ ಬಿಸಿಲಿಗೆ ಹಿಡಿದು, ಲೋಹದ ಪುಡಿ ಮಿನುಗುತ್ತದೆಯೇ ಎಂದು ನೋಡಿದರು. ಆಮೇಲೆ ಪಾಠ. ಎಲ್ಲರೂ ಟೇಬಲಿನ ನಡುವೆಯೇ ಜಾಬ್ ಕಟ್ಟುವುದರಿಂದ ಸವೆಯುವುದೂ ನಡುವೆಯೇ. ಅಲ್ಲಿ ಸಡಿಲ ಅಂತ ಗಿಬ್ ಪಟ್ಟಿ ಬಿಗಿದರೆ ತುದಿಗೆ ಬರುವಷ್ಟರಲ್ಲಿ ಟೇಬಲ್ ಕಚ್ಚಿಕೊಳ್ಳುತ್ತದೆ. ಹೀಗೆ ದೋಷದ ಪಟ್ಟಿ ಬೆಳೆದು ಬೆಳೆದು, ಕೊಳ್ಳಲು ಬಂದವನು ಬೈಕಿನ ಕೀ ತೆಗೆದಾಗ ಮಾವ ಅಂದರು: "ತಗೊಂಬಿಡು."

"ಇಷ್ಟೆಲ್ಲ ಹೇಳಿ ಆದ್ಮೇಲೆ?"

"ನಾವ್ ಬಿಟ್ರೆ ಕರಗಿಸಿಬಿಡ್ತಾರೆ ಕಣಪ್ಪಾ."

ಮಾವನೂ ಗುಜರಿಯವನೂ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೋಡಿ ಬೆಳೆದವರು. ಹಾಗಾಗಿ ವ್ಯಾಪಾರ ನಡೆದದ್ದು ಟವೆಲ್ ಕೆಳಗೆ, ಬೆರಳು ಹಿಡಿದು. ದುಡ್ಡು ಕೊಡುವವನಿಗೆ ರೇಟು ತಿಳಿದದ್ದು ಟವೆಲ್ ಎತ್ತಿದ ಮೇಲೆ.

ರಿಪೇರಿ ಅನ್ನುವುದು ಮಾವನ ಎರಡನೇ ಸರ್ವೀಸು. ಸೀಮೆಎಣ್ಣೆ, ವೈರ್ ಬ್ರಷ್, ಕಾಟನ್ ವೇಸ್ಟ್. ಅಷ್ಟು ಬೇಗ ಮುಗಿಯಿತು. ಮುಗಿಯದೇ ಇದ್ದದ್ದು ಸ್ಕ್ರೇಪಿಂಗ್. ಸರ್ಫೇಸ್ ಪ್ಲೇಟಿಗೆ ನೀಲಿ ಸವರಿ, ಗಿಬ್ ಉಜ್ಜಿ, ನೀಲಿ ಅಂಟಿದ ಉಬ್ಬನ್ನಷ್ಟೇ ಕೆರೆದು, ಒರೆಸಿ, ಮತ್ತೆ ಉಜ್ಜುವುದು. ಗಿಬ್ ಆದ ಮೇಲೆ ಸ್ಯಾಡಲ್. "ಗ್ರೈಂಡಿಂಗ್‌ಗೆ ಕೊಟ್ರೆ ಬೇಗ ಆಗಲ್ವಾ ಮಾವ?" ಎಂದು ಮಾಲೀಕ ಕೇಳಿದ ದಿನ ಮಾವ ಟೀ ಕುಡಿಯಲಿಲ್ಲ. ಸಂಬಳದ ಮಾತೇ ಇಲ್ಲ. ಎರಡು ಹೊತ್ತು ಟೀ, ಸಂಜೆ ಮನೆವರೆಗೆ ಡ್ರಾಪ್. ದುಡ್ಡು ಕೇಳುವವರಾಗಿದ್ದರೆ ಗದರಿಸಬಹುದಿತ್ತು ಎಂದು ಮಾಲೀಕ ನನ್ನ ಹತ್ತಿರ ಗೋಳಾಡಿಕೊಂಡ.

ಕೊನೆಗೂ ಮೊದಲ ಜಾಬ್ ಬಂತು. ದೊಡ್ಡಬಳ್ಳಾಪುರದ ಪವರ್‌ಲೂಮಿನವರದು, ಮೂವತ್ತಾರು ಹಲ್ಲಿನ ಗೇರು. ಐಟಿಐ ಹುಡುಗ ಮೊಬೈಲ್ ತೆಗೆಯುವ ಮೊದಲೇ ಮಾವನ ಬಾಯಲ್ಲಿ ಲೆಕ್ಕ ಬಂದಿತ್ತು. ಡಿವೈಡಿಂಗ್ ಹೆಡ್ಡಿನ ಹಿಡಿ ನಲವತ್ತು ಸುತ್ತು ಸುತ್ತಿದರೆ ಗೇರು ಒಂದು ಸುತ್ತು; ಅಂದರೆ ಹಲ್ಲಿಗೆ ಒಂದು ಪೂರ್ತಿ ಸುತ್ತು, ಮೇಲೆ ಹದಿನೆಂಟು ತೂತಿನ ಸಾಲಿನಲ್ಲಿ ಎರಡು ತೂತು. ಇಷ್ಟು ಹೇಳಿ ಟೀಗೆ ಹೋದರು. ತೂತು ತಪ್ಪದಂತೆ ಇರಬೇಕಾದ ಸೆಕ್ಟರ್ ಆರ್ಮ್ ಗುಜರಿಯಲ್ಲೇ ಕಳಚಿಹೋಗಿತ್ತು. ಹುಡುಗ ಪಿನ್ ಕೂತಿದ್ದ ತೂತನ್ನೇ ಒಂದು ಎಂದೆಣಿಸಿದ.

ಲೂಮಿನವರು ಗೇರು ತಿರುಗಿಸಿ ತಿರುಗಿಸಿ ನೋಡಿದರು. ಮೂವತ್ತೈದು ಸಣ್ಣ ಹಲ್ಲು, ಕೊನೆಗೆ ಮೂರರಷ್ಟು ಅಗಲದ ಒಂದು ದವಡೆ.

ಮಾವ ವರ್ನಿಯರ್ ತರಿಸಿ, ಕನ್ನಡಕ ಏರಿಸಿ, ಆ ಮೂವತ್ತೈದನ್ನೂ ಒಂದೊಂದಾಗಿ ಅಳೆದರು. ಮುಖ ಅರಳಿತು.

"ಒಂದಕ್ಕೊಂದು ಕೂದಲಷ್ಟೂ ವ್ಯತ್ಯಾಸ ಇಲ್ಲ ನೋಡ್ರಪ್ಪಾ. ಮಷಿನ್ ಪಾಸು!"