ದಂಡ ಕಟ್ಟಿದ ಕಲ್ಲು

ಇಟಲಿಗೆ ಹೋಗಿಬಂದವರ ಮಾತಿಗೆ ಒಂದು ಗತ್ತಿರುತ್ತದೆ. ಫ್ಲಾರೆನ್ಸಿನಲ್ಲಿ ನೋಡಿದ ಮೈಕೆಲ್ಯಾಂಜೆಲೊನ ಡೇವಿಡ್ ಹದಿನೇಳು ಅಡಿ ಎನ್ನುವಾಗ ಆ ಎತ್ತರದಲ್ಲಿ ತಮ್ಮದೂ ಒಂದೆರಡು ಅಡಿ ಪಾಲಿದೆ ಎಂಬಂತೆ ನಿಲ್ಲುತ್ತಾರೆ. ಅಷ್ಟು ದುಡ್ಡಿಲ್ಲದ ಹುಣಸೂರು, ಪಿರಿಯಾಪಟ್ಟಣದವರು ಅಯೋಧ್ಯೆಯ ರೈಲು ಹತ್ತುತ್ತಾರೆ. ದೇಶದ ಮುಕ್ಕಾಲು ಭಾಗ ದಾಟಿ, ಮೊಬೈಲನ್ನು ಲಾಕರಿನಲ್ಲಿಟ್ಟು, ಸಾಲಿನಲ್ಲಿ ಸವೆದು, ‘ಚಲಿಯೇ ಚಲಿಯೇ’ ಎಂದು ಗದರಿಸಿಕೊಂಡು ಕಣ್ತುಂಬಿಕೊಳ್ಳುವುದು ಏನನ್ನು? ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ಕಡೆಯ ಒಂದು ಹೊಲದಲ್ಲಿ ಬಿದ್ದಿದ್ದ ಕಲ್ಲನ್ನು.

‘ಏನ್ ಕಳೆ ಕಣಣ್ಣ, ಕಣ್ ಕೀಳಕ್ಕಾಗಕಿಲ್ಲ!’

ನಿಜ. 51 ಅಂಗುಲದ ಬಾಲರಾಮನಿಗೆ ಆ ಕಣ್ಣು ಕೊಟ್ಟ ಅರುಣ್ ಯೋಗಿರಾಜರ ಉಳಿಯ ಮೇಲೆ ನನಗೆ ತಕರಾರಿಲ್ಲ. ಕಲ್ಲು ಇಲ್ಲೇ ಇದ್ದಾಗ ಅದಕ್ಕೆ ನಾವು ಮಾಡಿದ ಮರ್ಯಾದೆ ಕೇಳಿ. ಜಯಪುರ ಹೋಬಳಿಯ ಹಾರೋಹಳ್ಳಿ ಬಳಿ ರೈತರೊಬ್ಬರು ಹೊಲ ಹದ ಮಾಡಿಸಲು ಹೊರಟರು, ಅಡ್ಡ ಬಂದ ಬಂಡೆಯನ್ನು ಗುತ್ತಿಗೆದಾರರು ಎತ್ತಿ ಪಕ್ಕಕ್ಕಿಟ್ಟರು. ದೇವರು ಪ್ರತ್ಯಕ್ಷನಾಗುವ ಮೊದಲೇ ಗಣಿ ಇಲಾಖೆ ಪ್ರತ್ಯಕ್ಷವಾಯಿತು. ಅನುಮತಿಯಿಲ್ಲದೆ ಕಲ್ಲು ತೆಗೆದದ್ದಕ್ಕೆ ಎಂಬತ್ತು ಸಾವಿರ ರೂಪಾಯಿ ದಂಡ ಬಿತ್ತೆಂದು ಪತ್ರಿಕೆಗಳು ಬರೆದವು. ಅದೇ ಕೃಷ್ಣಶಿಲೆಗೆ 2024ರ ಜನವರಿ 22ರಂದು ಪ್ರಾಣಪ್ರತಿಷ್ಠೆಯಾಯಿತು. ಆಮೇಲೆ ಗುಂಡಿಯ ಮುಂದೆ ಕ್ಯಾಮೆರಾ, ಹಾರ, ಜೈಕಾರ! ಮುಖಂಡರಿಗೆ ಹಾರೋಹಳ್ಳಿಯ ದಾರಿ ಗೊತ್ತಾದದ್ದೇ ಆಗ. ಕಲ್ಲಿಗೆ ದೈವತ್ವ ಬಂತು, ರಸೀತಿಗೆ ಬರಲಿಲ್ಲ.

ಡೇವಿಡ್‌ನ ಕಲ್ಲೂ ಮಹಾ ಭಾಗ್ಯಶಾಲಿಯೇನಲ್ಲ. ಕರಾರಾ ಗಣಿಯ ಆ ಅಮೃತಶಿಲೆಯನ್ನು ಹಿಂದಿನ ಶಿಲ್ಪಿಗಳು ಒಂದಿಷ್ಟು ಕೆತ್ತಿ ಕೈಬಿಟ್ಟಿದ್ದರು. ಚರ್ಚಿನ ಅಂಗಳದಲ್ಲಿ ಅದು ದಶಕಗಳ ಕಾಲ ಮಳೆಯಲ್ಲಿ ನೆನೆಯಿತು. 1501ರಲ್ಲಿ ಇಪ್ಪತ್ತಾರರ ಹುಡುಗನೊಬ್ಬ ಅದಕ್ಕೆ ಕೈಯಿಟ್ಟ. 1504ರಲ್ಲಿ ಮೂರ್ತಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಚರ್ಚಿಸಲು ಸಮಿತಿ ಕೂತಿತು; ಅದರಲ್ಲಿ ಲಿಯೊನಾರ್ಡೊ, ಬೊಟಿಚೆಲ್ಲಿಯಂಥವರಿದ್ದರು. ನಮ್ಮಲ್ಲೂ ಸಮಿತಿ ಕೂರುತ್ತದೆ ಸ್ವಾಮಿ, ಆದರೆ ಅದು ಚರ್ಚಿಸುವುದು ಫ್ಲೆಕ್ಸಿನಲ್ಲಿ ಯಾರ ಮುಖ ಎಷ್ಟು ದೊಡ್ಡದಿರಬೇಕು ಎಂಬುದನ್ನು. ಮೈಕೆಲ್ಯಾಂಜೆಲೊ ಜಯಪುರ ಹೋಬಳಿಯವನಾಗಿದ್ದರೆ ರಾಜಧನ ಕಟ್ಟಿಲ್ಲವೆಂದು ಮೊದಲು ಉಳಿ ಜಪ್ತಿಯಾಗುತ್ತಿತ್ತು, ಆಮೇಲೆ ಪಹಣಿ ಕೇಳುತ್ತಿದ್ದರು.

ರಾಮನನ್ನೇ ನೋಡಬೇಕೆಂದಿದ್ದರೆ ಕೆ.ಆರ್. ನಗರದ ಪಕ್ಕದಲ್ಲೇ ಚುಂಚನಕಟ್ಟೆ ಇದೆ. ಅಲ್ಲಿಯ ಕೋದಂಡರಾಮನ ಗುಡಿಯಲ್ಲಿ ಸೀತೆ ವಾಡಿಕೆಯಂತೆ ಎಡಕ್ಕಲ್ಲ, ರಾಮನ ಬಲಕ್ಕೆ ನಿಂತಿದ್ದಾಳೆ. ಹೊರಗೆ ಕಾವೇರಿ ಧುಮುಕುತ್ತಾಳೆ. ಅಯೋಧ್ಯೆಯ ಪ್ರಸಾದ ಹಂಚಲು ಬಂದವರನ್ನು ಕೇಳಿದೆ, ಸೀತಮ್ಮ ಹಾಗೇಕೆ ನಿಂತಿದ್ದಾಳೆ ಎಂದು. ‘ಹೌದಾ? ನಾವು ಹೋದಾಗ ಫಾಲ್ಸ್ ಹತ್ರ ಫೋಟೊ ತೆಗೆಸ್ಕಂಡು ಬಂದ್ಬುಟ್ವಿ, ಒಳಕ್ಕೆ ಹೋಗ್ಲಿಲ್ಲ. ರಶ್ಶೇ ಇರ್ಲಿಲ್ಲ!’

ರಶ್ಶಿಲ್ಲದ ದೇವರು ಯಾವ ಸೀಮೆಯ ದೇವರು! ಪ್ರವಾಸೋದ್ಯಮ ಇಲಾಖೆಗೆ ನನ್ನದೊಂದು ಅರ್ಜಿ: ಚುಂಚನಕಟ್ಟೆಯಲ್ಲಿ ಹಾವಿನಂತೆ ಸುತ್ತುವ ಕಬ್ಬಿಣದ ಸಾಲುಗಂಬಿ ಹಾಕಿಸಿ, ಬಾಗಿಲಲ್ಲೇ ಮೊಬೈಲ್ ಕಿತ್ತಿಟ್ಟುಕೊಳ್ಳಿ, ಹಿಂದಿಯಲ್ಲಿ ಗದರಲು ಇಬ್ಬರನ್ನು ನೇಮಿಸಿ. ಮುಂದಿನ ತಿಂಗಳೇ ಪಿರಿಯಾಪಟ್ಟಣದಿಂದ ಪ್ಯಾಕೇಜ್ ಟೂರ್ ಹೊರಡದಿದ್ದರೆ ಕೇಳಿ, ಊಟ ತಿಂಡಿ ಸೇರಿ!