ಬಾದಾಮಿ ರಾಯರು

ಬಸವನಗುಡಿಯ ಯಾವ ಅಡ್ಡರಸ್ತೆಗೆ ಹೋದರೂ ಈಗ ಒಬ್ಬರು ಬಾದಾಮಿ ರಾಯರು ಸಿಗುತ್ತಾರೆ. ನಮ್ಮ ರಸ್ತೆಯವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಊರವರ ಲೆಕ್ಕ ತಾಳೆ ನೋಡುತ್ತಿದ್ದವರು ಈಗ ಕಾರ್ಬಿನ ಲೆಕ್ಕ ತಾಳೆ ನೋಡುತ್ತಾರೆ. ದಿನಕ್ಕೆ 20 ಗ್ರಾಂ ಮಿತಿ. 21 ಆದರೆ ಓವರ್‌ಡ್ರಾಫ್ಟು.

ಕೀಟೊ ಪಥ್ಯ ಹಿಡಿದ ದಿನವೇ ರಾಯರು ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟರು. ಬಿಡಲಾಗದ್ದು ಅವುಗಳ ಆಕಾರವನ್ನು. ಬ್ರೆಡ್ಡು ವಿಷ, ಆದರೆ ಬ್ರೆಡ್ಡಿನ ಹಾಗೆ ಕಾಣುವುದೊಂದು ಬೆಳಿಗ್ಗೆ ತಟ್ಟೆಯಲ್ಲಿರಬೇಕು. "ನಾಲ್ಕು ಬಾದಾಮಿ ಬಾಯಿಗೆ ಹಾಕ್ಕೊಂಡ್ರೆ ಸಾಲದೇ ರಾಯರೇ?" ಎಂದು ಕೇಳಿ ನೋಡಿ. "ಕಾಫಿಗೆ ಅದ್ದೋಕೆ ಏನಾದ್ರೂ ಬೇಡ್ವೇನ್ರೀ?" ಎನ್ನುತ್ತಾರೆ.

ಬಾದಾಮಿ ಬ್ರೆಡ್ಡಿಗೆ ಮೊಟ್ಟೆ ಬೇಕು. ಮೊಟ್ಟೆ ಹೊಸ್ತಿಲು ದಾಟಿದರೆ ತಾವು ದಾಟಿ ಆಚೆ ಹೋಗುವುದಾಗಿ ಮನೆಯಾಕೆ ಹೇಳಿದ್ದರಿಂದ ಓವನ್ನು, ತಕ್ಕಡಿ, ಮಿಕ್ಸಿ ಮೂರೂ ಕಾರ್ ಷೆಡ್ಡು ಸೇರಿವೆ. ಕಾರು ರಸ್ತೆಯಲ್ಲಿ ನಿಂತಿದೆ. ಬಾದಾಮಿ ನೆನೆಹಾಕಿ, ಸಿಪ್ಪೆ ಸುಲಿದು, ಬಿಸಿಲಿಗೆ ಒಣಗಿಸಿ ಪುಡಿ ಮಾಡುವುದೂ ಅಲ್ಲೇ. ಮಿಕ್ಸಿಯನ್ನು ಎರಡು ಕ್ಷಣ ಹೆಚ್ಚು ತಿರುಗಿಸಿದರೆ ಹಿಟ್ಟು ಎಣ್ಣೆ ಬಿಟ್ಟು ಬೆಣ್ಣೆಯಾಗುತ್ತದೆ. ಆಗ ರಾಯರು, "ಇವತ್ತು ಮಾಡಬೇಕು ಅಂತಿದ್ದದ್ದೇ ಬಾದಾಮಿ ಬೆಣ್ಣೆ" ಎಂದು ಘೋಷಿಸುತ್ತಾರೆ.

ಕಾಂಪೌಂಡಿನಾಚೆ ತಲೆ ಕಂಡರೆ ಸಾಕು, ಪಾಠ ಶುರು. ನೂರು ಗ್ರಾಂ ಮೈದಾದಲ್ಲಿ ಕಾರ್ಬು 75ರ ಹತ್ತಿರ. ಬಾದಾಮಿ ಹಿಟ್ಟಿನಲ್ಲಿ 20ರ ಆಸುಪಾಸು, ಅದರಲ್ಲೂ ಅರ್ಧ ಬರೀ ನಾರು. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಮೂರ್ಛೆರೋಗಿಗಳಿಗೆಂದು ಈ ಪಥ್ಯ ಸೂಚಿಸಿದ್ದು. ಹಾಲಿನವನಿಗೂ ಇದು ಬಾಯಿಪಾಠವಾಗಿದೆ. ರಾಯರಿಗೆ ಮೂರ್ಛೆ ಇಲ್ಲ. ಬಾದಾಮಿ ಅಂಗಡಿಯ ಬಿಲ್ಲು ನೋಡಿದಾಗ ಅವರ ಮನೆಯಾಕೆಗೆ ಬರುವುದೊಂದು ಬಾಕಿ.

ಖರ್ಚು ಇಳಿಸಲು ತೆಂಗಿನ ಹಿಟ್ಟು ಬಂತು. ತೆಂಗಿನ ಹಾಲು ಹಿಂಡಿದ ಮೇಲೆ ಉಳಿದ ಚರಟ ಒಣಗಿಸಿ ಬೀಸಿದ್ದು. ಎಷ್ಟು ನೀರು ಸುರಿದರೂ ಕುಡಿಯುತ್ತದೆ. ಒಂದು ಲೋಟ ಬಾದಾಮಿ ಹಿಟ್ಟಿನ ಜಾಗಕ್ಕೆ ಕಾಲು ಲೋಟ ಸಾಕು, ಮೊಟ್ಟೆ ಜಾಸ್ತಿ ಬೇಕು. ರಾಯರು ಲೋಟಕ್ಕೆ ಲೋಟ ಹಾಕಿದರು. ಓವನ್ನಿನಿಂದ ಬಂದದ್ದನ್ನು ತುಂಡು ಮಾಡಲು ಹೋದರೆ ವಿಭೂತಿಯ ಹಾಗೆ ಉದುರಿತು. ಮರ್ಯಾದೆಗೆ ಒಂದು ಚೂರು ಬಾಯಿಗಿಟ್ಟ ನಾನು ನೀರಿಗಾಗಿ ಮನೆವರೆಗೆ ಓಡಿದೆ.

ಹಿಟ್ಟು ಹಿಡಿದುಕೊಳ್ಳಲಿ ಎಂದು ಆಮೇಲೆ ಇಸಬ್‌ಗೋಲು ಸೇರಿತು. ಗೋಧಿಯ ಅಂಟು ಮಾಡುವ ಕೆಲಸವನ್ನು ನೀರು ಕುಡಿದು ಲೋಳೆಯಾಗುವ ಈ ಹೊಟ್ಟು ಮಾಡುತ್ತದೆ. ಅಮೆರಿಕದವರ ಕೀಟೊ ಬ್ರೆಡ್ಡು ಎದ್ದು ನಿಲ್ಲುವುದೂ ಬಹುಮಟ್ಟಿಗೆ ನಮ್ಮ ರಾಜಸ್ಥಾನ, ಗುಜರಾತಿನ ಹೊಲಗಳ ದಯೆಯಿಂದ. ರಾಯರ ಬ್ರೆಡ್ಡು ನಿಂತದ್ದು ಮಾತ್ರ ಅವರ ತಾಯಿಯ ಡಬ್ಬಿಯ ದಯೆಯಿಂದ. ತೊಂಬತ್ತು ದಾಟಿದ ಆಕೆ ನಾಲ್ಕು ಬೆಳಿಗ್ಗೆ "ನನ್ನ ಇಸಬ್‌ಗೋಲು ಎಲ್ಲೋ?" ಎಂದು ಮನೆಯೆಲ್ಲ ಹುಡುಕಿದರು. ಐದನೆಯ ದಿನ ರಾಯರು ಸಂಕೋಚದಿಂದ ಒಂದು ಸ್ಲೈಸು ಮುಂದಿಟ್ಟರಂತೆ: "ಇದರಲ್ಲೇ ಇದೆ ಅಮ್ಮ."

ಹಸಿರು ಕೇಕಿನ ಕತೆ ಇನ್ನೂ ರಸ್ತೆಯವರ ಬಾಯಲ್ಲಿದೆ. ಅಗ್ಗವೆಂದು ಸೂರ್ಯಕಾಂತಿ ಬೀಜದ ಹಿಟ್ಟಿಗೆ ಅಡುಗೆ ಸೋಡಾ ಹಾಕಿ ಬೇಯಿಸಿದ್ದರು. ಕೇಕು ಹೊಂಬಣ್ಣದಲ್ಲೇ ಬಂತು. ಆರಿದ ಮೇಲೆ ಕೊಯ್ದು ನೋಡಿದರೆ ಒಳಗೆಲ್ಲ ಕೆಂಪಾಂಬುಧಿ ಕೆರೆಯ ಹಸಿರು. "ಪಾಚಿ ಕಟ್ಟಿದೆ ಕಣ್ರೀ!" ಎಂದು ಮನೆಯಾಕೆ ಕಿರುಚಿದರು. "ಪಾಚಿ ಅಲ್ಲ, ಕ್ಲೋರೊಜೆನಿಕ್ ಆಮ್ಲ! ಸೋಡಾ ಸೇರಿದರೆ ಹೀಗಾಗುತ್ತೆ, ತಿಂದರೆ ಏನೂ ಆಗಲ್ಲ. ನೀನು ಕುಡಿಯೋ ಕಾಫಿಯಲ್ಲೂ ಅದಿದೆ." ಮಾತು ಪೂರಾ ನಿಜ, ನಿಂಬೆರಸ ಹಿಂಡಿದ್ದರೆ ಆ ಬಣ್ಣ ಬರುತ್ತಲೂ ಇರಲಿಲ್ಲ. ಆದರೆ ಅಂದಿನಿಂದ ಆಕೆ ಕಾಫಿಯನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಾರೆ.

ಸಂಜೆ ವಾಕಿಂಗಿಗೆ ರಾಯರು ಅಯ್ಯಂಗಾರ್ ಬೇಕರಿಯಿರುವ ರಸ್ತೆ ಬಿಟ್ಟು ಸುತ್ತುದಾರಿ ಹಿಡಿಯುತ್ತಾರೆ. ಗಾಳಿ ಆ ಕಡೆಯಿಂದ ಬೀಸಿ ಖಾರಾ ಬನ್ನಿನ ವಾಸನೆ ಬಂದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಈ ಯುಗಾದಿಗೆ ಹೋಳಿಗೆಗೆ ಕೈಹಾಕಿದ್ದಾರೆ. ಕನಕ ಬಾದಾಮಿಯದು. ಕಡಲೆಬೇಳೆಗೆ ಪ್ರವೇಶವಿಲ್ಲವಾದ್ದರಿಂದ ಹೂರಣ ಕೊಬ್ಬರಿಯದು, ಬೆಲ್ಲದ ಬದಲು ನಾಲಗೆ ತಣ್ಣಗಾಗಿಸುವ ಎರಿಥ್ರಿಟಾಲು. ಒಟ್ಟಿನಲ್ಲಿ ಪೆಪ್ಪರ್‌ಮಿಂಟು ತಿಂದಂತಾಗುವ ಹೋಳಿಗೆ. ರಸ್ತೆಯ ಎಲ್ಲ ಮನೆಗಳಿಗೂ ಕರೆ ಬಂದಿದೆ. ಹಬ್ಬಕ್ಕೆ ಮೈಸೂರಿನ ಅಕ್ಕನ ಮನೆಗೆ ಹೋಗುವುದೆಂದು ನಮ್ಮಲ್ಲಿ ತೀರ್ಮಾನವಾಯಿತು. ಎದುರುಮನೆಯವರಿಗೂ ಮೈಸೂರಿನಲ್ಲಿ ಒಬ್ಬ ಅಕ್ಕ ಇದ್ದಾರೆಂದು ನಿನ್ನೆ ತಾನೇ ಗೊತ್ತಾಯಿತು.