ಚಿತ್ರಪಟ ಮೀಮಾಂಸೆ, ಅಥವಾ ಹೃದಯಕ್ಕೆ ಕಿವಿ ಬಂದ ಬಗೆ

ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಪಟವೊಂದು ವಿದ್ಯಾರ್ಥಿಯ ತಲೆಗೆ ಪಾರಿಭಾಷಿಕ ಪದವನ್ನು ಹೇಗೆ ಇಳಿಸುತ್ತದೆ ಎಂಬ ಗಹನ ಪ್ರಶ್ನೆಯೇ ಈ ಪ್ರಬಂಧದ ವಸ್ತು. ಕ್ಷೇತ್ರಕಾರ್ಯ ನಡೆದದ್ದು ಒಂದು ಪ್ರೌಢಶಾಲೆಯ ಹತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ, ಒಂದು ವಾರ. ಉಪಕರಣಗಳು: ನೋಟ್‌ಬುಕ್ಕು ಒಂದು, ಕಡಲೆಕಾಯಿ ಪೊಟ್ಟಣ ಒಂದು. ಪೊಟ್ಟಣ ಮೊದಲ ದಿನವೇ ಖಾಲಿಯಾದ್ದರಿಂದ ಉಳಿದ ದಿನಗಳ ದತ್ತಾಂಶದಲ್ಲಿ ಆಕಳಿಕೆಯ ಅಂಶ ಹೆಚ್ಚಾಗಿದೆ.

ಮೊದಲು ಪೂರ್ವಪಕ್ಷ. ಚಿತ್ರ ತೋರಿಸಿ ಪದ ಕಲಿಸುವುದು ನಮ್ಮಲ್ಲಿ ಅಕ್ಷರಮಾಲೆಯ ಪಟದಿಂದಲೇ ಶುರು. ಅ ಎಂದರೆ ಅರಸ. ಕಿರೀಟ, ಮೀಸೆ, ಖಡ್ಗ ಎಲ್ಲ ಇರುವ ಆ ವ್ಯಕ್ತಿಯನ್ನು ನೋಡಿ ಮಗು ಗಟ್ಟಿಯಾಗಿ ಓದುತ್ತದೆ: 'ಅ, ರಾಜ.' ಈ ಎಂದರೆ ಈಶ. ಮಗುವಿನ ಪಾಠಾಂತರ 'ಈ, ಶಿವ.' ಓ ಎಂದರೆ ಓಲೆ. ಅದು ತಾಳೆಗರಿಯದೋ ಕಿವಿಯದೋ ಎಂಬುದು ಚಿತ್ರಕಾರನ ಚಿತ್ತ. ಙ, ಞಗಳಿಂದ ಶುರುವಾಗುವ ಪದಗಳೇ ಇಲ್ಲದ್ದರಿಂದ ಆ ಮನೆಗಳಿಗೆ ಹೊಂದುವ ಚಿತ್ರ ಸಿಗುವುದಿಲ್ಲ. ಅಲ್ಲಿ ಮಗು ತಪ್ಪು ಓದುವ ಪ್ರಮೇಯವೂ ಬರುವುದಿಲ್ಲ. ಚಿತ್ರವಿಲ್ಲದಲ್ಲಿ ದೋಷವಿಲ್ಲ ಎಂಬ ಈ ಶೋಧ ಇಷ್ಟು ದಿನ ವಿದ್ವಾಂಸರ ಕಣ್ಣಿಗೆ ಬೀಳದಿದ್ದುದು ಖೇದಕರ.

ಈ ಶಾಸ್ತ್ರದ ಆದ್ಯರಲ್ಲಿ ಒಬ್ಬ ಕೊಮೇನಿಯಸ್. ಲ್ಯಾಟಿನ್ ಪದಗಳನ್ನು ಮಕ್ಕಳಿಗೆ ಕಲಿಸಲೆಂದು ಈತ ಮಾಡಿದ ಚಿತ್ರಪುಸ್ತಕ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಚಿತ್ರದ ಒಂದೊಂದು ವಸ್ತುವಿಗೂ ಒಂದು ಸಂಖ್ಯೆ, ಪಕ್ಕದ ಪಾಠದ ಪದಕ್ಕೂ ಅದೇ ಸಂಖ್ಯೆ. ಅವನ ಧೈರ್ಯ ಮೆಚ್ಚಬೇಕು: ಆತ್ಮಕ್ಕೂ ಚಿತ್ರ ಹಾಕಿಸಿದ, ಬರೀ ಚುಕ್ಕಿಗಳಲ್ಲಿ ಮನುಷ್ಯಾಕೃತಿ. ನಮ್ಮ ಮೂರು ಮತದ ಆಚಾರ್ಯರು ಭಾಷ್ಯದ ಮೇಲೆ ಭಾಷ್ಯ ಬರೆದೂ ಇತ್ಯರ್ಥವಾಗದ್ದನ್ನು ಈ ಮಹಾನುಭಾವ ಚುಕ್ಕಿ ಇಟ್ಟು ಮುಗಿಸಿಬಿಟ್ಟ. ರಂಗೋಲಿ ಗೊತ್ತಿದ್ದ ನಾವು ಸುಮ್ಮನಿದ್ದೆವು.

ತೋರಿಸಿ ಕಲಿಸುವ ಈ ವಿಧಾನಕ್ಕೆ ಆಕ್ಷೇಪ ಎತ್ತಿದವನು ಅಮೆರಿಕದ ತತ್ತ್ವಶಾಸ್ತ್ರಜ್ಞ ಕ್ವೈನ್, 1960ರಲ್ಲಿ. ಅಪರಿಚಿತ ಭಾಷೆಯವನೊಬ್ಬ ಓಡುವ ಮೊಲವನ್ನು ಕಂಡು 'ಗವಾಗೈ' ಎಂದರೆ ಆ ಮಾತಿನ ಅರ್ಥ ಮೊಲವೋ, ಮೊಲದಿಂದ ಬೇರ್ಪಡದ ಅಂಗಗಳೋ ಎಂದು ತೋರಿಸುವುದರಿಂದ ಮಾತ್ರ ತೀರ್ಮಾನವಾಗದು ಎಂಬುದು ಅವನ ವಾದ. ಕನ್ನಡಿಗರಿಗೆ ಇದು ಹೊಸದಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದವರು ನಾವು. ಕ್ವೈನನ ಮೊಲಕ್ಕೆ ಎಷ್ಟು ಕಾಲೆಂದು ಅವನೂ ಹೇಳಿಲ್ಲ.

ಇನ್ನು ಸಿದ್ಧಾಂತ. ಕ್ಷೇತ್ರದಲ್ಲಿ ಕಂಡ ಮುಖ್ಯ ಪುರಾವೆ ಹೃದಯದ ಪಟ. ಬಟ್ಟೆ ಅಂಟಿಸಿದ ಬೆನ್ನು, ಮೇಲೂ ಕೆಳಗೂ ಮರದ ಕೋಲು, ಎಡ ಮೂಲೆಯಲ್ಲಿ ಇಲಿ ಕಡಿದ ಗುರುತು. ಪಟದ ಹೃದಯ ನಮ್ಮತ್ತ ಮುಖ ಮಾಡಿರುವುದರಿಂದ ಎಡ ಹೃತ್ಕರ್ಣ ನಮ್ಮ ಬಲಕ್ಕೆ ಬರುತ್ತದೆ. ಮೇಷ್ಟರು ಕೋಲು ಇಟ್ಟು ಕೇಳಿದರು, 'ಇದು ಯಾವುದು?' ಮುಂದಿನ ಬೆಂಚಿನ ಹುಡುಗ ಎದ್ದು ತನ್ನ ಎರಡು ಕೈಗಳನ್ನೂ ನೋಡಿಕೊಂಡ, ಊಟ ಮಾಡುವ ಕೈ ಯಾವುದೆಂದು ಖಾತ್ರಿ ಮಾಡಿಕೊಂಡ, ಆಮೇಲೆ ಹೇಳಿದ: 'ಸಾರ್, ಪಟದಲ್ಲಿ ಎಡ ಅಂದ್ರೆ ಬಲ.' ಮೇಷ್ಟರು ಒಪ್ಪಿದರು.

ಬಣ್ಣದ ವಿಚಾರ ಇನ್ನೂ ಜಟಿಲ. ಅಪಧಮನಿ ಕೆಂಪು, ಅಭಿಧಮನಿ ನೀಲಿ ಎಂಬುದು ಪಟದ ಸಂಪ್ರದಾಯ. ದೇಹದಲ್ಲಿ ಎರಡರ ರಕ್ತವೂ ಕೆಂಪೇ, ಒಂದು ತುಸು ಗಾಢ ಅಷ್ಟೆ. ಸಾಲದ್ದಕ್ಕೆ ಈ ಪಟ ಪಶ್ಚಿಮದ ಕಿಟಕಿಯ ಎದುರಿಗಿದೆ. ಅಚ್ಚಿನ ಶಾಯಿಗಳಲ್ಲಿ ಹಳದಿ, ಕೆಂಪು ಬಿಸಿಲಿಗೆ ಬೇಗ ಸೋಲುತ್ತವೆ, ನೀಲಿ ತಾಳುತ್ತದೆ. ವರ್ಷಗಟ್ಟಲೆ ಸಂಜೆ ಬಿಸಿಲು ಕುಡಿದ ಆ ಹೃದಯ ಈಗ ಪೂರ್ತಿ ನೀಲಮೇಘಶ್ಯಾಮ. ಅಪಧಮನಿ ಎಂದರೆ ಏನೆಂದು ಕೇಳಿದಾಗ ಹುಡುಗಿಯೊಬ್ಬಳು 'ನೀಲಿ, ಆದ್ರೆ ಕೆಂಪು ಅಂತ ಬರೀಬೇಕು' ಎಂದಳು. ಇದಕ್ಕಿಂತ ಕರಾರುವಾಕ್ಕಾದ ಉತ್ತರವನ್ನು ನಾನು ಆ ವಾರ ಕೇಳಲಿಲ್ಲ.

ಪಕ್ಕದ ಒಂಬತ್ತನೇ ತರಗತಿಯಲ್ಲಿ ಅಭಿಸರಣೆಯ ಪಾಠ. ಚಿತ್ರ: ನೀರಿನ ಲೋಟದಲ್ಲಿ ಉಬ್ಬಿದ ಒಣದ್ರಾಕ್ಷಿ. ಪೊರೆಯ ಮೂಲಕ ನೀರು ದ್ರಾವಣದ ಸಾಂದ್ರತೆ ಹೆಚ್ಚಿರುವ ಕಡೆಗೆ ಸರಿಯುವ ಕ್ರಿಯೆ ಮಕ್ಕಳ ಟಿಪ್ಪಣಿಯಲ್ಲಿ 'ಪಾಯಸಕ್ಕೆ ಮುಂಚಿನ ಕೆಲಸ' ಎಂದಾಗಿತ್ತು. ಆ ಪೀರಿಯಡ್ಡಿನ ಬೆಲ್ಲಿಗೆ ಒಳಬಂದ ಕನ್ನಡ ಪಂಡಿತರು ಕಪ್ಪುಹಲಗೆ ಒರೆಸುವ ಮುನ್ನ ಪದವನ್ನೊಮ್ಮೆ ನೋಡಿ, 'ಅಭಿಸಾರಿಕೆ ಗೊತ್ತೇನ್ರೋ? ರಾತ್ರಿ ಕತ್ತಲಲ್ಲಿ ತಾನಾಗಿ ನಲ್ಲನ ಕಡೆಗೆ ಹೊರಟವಳು. ನೀರೂ ಹಾಗೇ' ಎಂದು ಒರೆಸಿಬಿಟ್ಟರು. ತರಗತಿ ಐದು ನಿಮಿಷ ನಕ್ಕಿತು. ಮರುದಿನ ಪೊರೆ, ದಿಕ್ಕು, ಸಾಂದ್ರತೆ ಮೂರನ್ನೂ ತಪ್ಪಿಲ್ಲದೆ ಹೇಳಿತು. ಪಂಡಿತರ ಬಳಿ ಪಟವಿರಲಿಲ್ಲವಾದ್ದರಿಂದ ಈ ದತ್ತಾಂಶವನ್ನು ನಿಯಮಾನುಸಾರ ಕೈಬಿಡಲಾಗಿದೆ.

ಕೈಬಿಟ್ಟರೂ ಅದು ನನ್ನನ್ನು ಬಿಡಲಿಲ್ಲ. ಹೃತ್ಕರ್ಣದಲ್ಲಿ ಕರ್ಣವಿದೆ, ಅಂದರೆ ಕಿವಿ. ಹೃತ್ಕುಕ್ಷಿಯಲ್ಲಿ ಕುಕ್ಷಿ, ಹೊಟ್ಟೆ. ಲ್ಯಾಟಿನ್ನಿನವರೂ ಕಿರುಗಿವಿ, ಕಿರುಹೊಟ್ಟೆ ಎಂದೇ ಹೆಸರಿಟ್ಟಿದ್ದರು. ಮೇಲಿನ ಕೋಣೆಗಳ ಪಕ್ಕಕ್ಕೆ ಜೋತ ಮಡಿಕೆ ನಿಜಕ್ಕೂ ನಾಯಿಮರಿಯ ಕಿವಿಯ ಹಾಗಿದೆ. ಪದದೊಳಗೇ ಚಿತ್ರ ಇಟ್ಟು ಹೋದವರಿದ್ದರು. ಅದರ ಮೇಲೆ ನಾವು ಪಟ ನೇತುಹಾಕಿದ್ದೇವೆ.

ಈ ಮಾತನ್ನು ವಿರಾಮದಲ್ಲಿ, ಸಂಶೋಧಕನಿಗೆ ಸಲ್ಲದ ಉತ್ಸಾಹದಲ್ಲಿ, ಕೊನೆಯ ಬೆಂಚಿನ ಜೊತೆಗಾರನಿಗೆ ಹೇಳಿಬಿಟ್ಟೆ. ಶನಿವಾರದ ಕಿರುಪರೀಕ್ಷೆಯಲ್ಲಿ ಅವನು ಹೃದಯದ ಅಂದವಾದ ಚಿತ್ರ ಬರೆದು, ಎಲ್ಲ ಭಾಗಗಳನ್ನೂ ಸರಿಯಾಗಿ ಗುರುತಿಸಿ, ಎರಡು ಹೃತ್ಕರ್ಣಗಳಿಗೂ ಒಂದೊಂದು ಓಲೆ ತೊಡಿಸಿದ್ದ. ಪಟದಲ್ಲಿ ಇಲ್ಲದ್ದೆಂದು ಮೇಷ್ಟರು ಅರ್ಧ ಅಂಕ ಕಳೆದರು.